ಅನ್ನ ಬಿಡುವುದು ಬೇಡ, ಅಳತೆ ಇರಲಿ

ಮಲ್ಲಂದೂರು ಕಡೆಯ ಮನೆಗಳಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ, ರಾತ್ರಿ ಅನ್ನ. ರೂಪ ಬೇರೆಯಾದರೂ ಎಲ್ಲದರಲ್ಲೂ ಹೆಚ್ಚಿರುವುದು ಶರ್ಕರಪಿಷ್ಟವೇ. ಇದು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತ ಸೇರುತ್ತದೆ. ಗ್ರಾಮಿಗೆ 4 ಕಿಲೋಕ್ಯಾಲೊರಿ ಶಕ್ತಿ ಕೊಡುತ್ತದೆ. ದಿನವಿಡೀ ಕಾಫಿ ಹಣ್ಣು ಕೊಯ್ಯುವವರಲ್ಲಿ ಅದು ಖರ್ಚಾಗುತ್ತದೆ. ಕುಳಿತೇ ಇರುವವರಲ್ಲಿ ಮಿಕ್ಕಿದ್ದು ಕೊಬ್ಬಾಗುತ್ತದೆ.

ಕಾಫಿಗೆ ಹಾಕುವ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಲೋಟಕ್ಕೆ 2 ಚಮಚದಂತೆ 4 ಲೋಟ ಕುಡಿದರೆ ಸುಮಾರು 32 ಗ್ರಾಂ ಆಯಿತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ.

ಅನ್ನ ತುಸು ಇಳಿಸಿ, ಕಾಳು, ಸೊಪ್ಪು ಹೆಚ್ಚಿಸಿ. ಆದರೆ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಊಟವನ್ನೇ ಬಿಡಬಾರದು. ಮೈ ನಡುಗಿ ಬೆವರಿದರೆ ಕೂಡಲೇ 3–4 ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. ಅನಂತರ ವೈದ್ಯರಿಗೆ ತಿಳಿಸಬೇಕು.