ಅಧಿಸೂಚನೆಯ ತಾರೀಕು ನೋಡಿ: ಬಳ್ಳಾರಿ ರಸ್ತೆಯ ಎಡಬಲದ ಪಾಠಗಳು

ಹೆಬ್ಬಾಳದಿಂದ ದೇವನಹಳ್ಳಿವರೆಗೆ, ಆ ಕಡೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆವರೆಗೆ, ಲೇಔಟ್ ನಕ್ಷೆ, ಭೂ ಪರಿವರ್ತನೆ, ಭೂ ಉಪಯೋಗ ಬದಲಾವಣೆ ಇವೇ ನನ್ನ ಹೊಟ್ಟೆಪಾಡು. ನಗರ ಯೋಜನೆ ಓದಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಕಚೇರಿಯಲ್ಲಿ ಹೇಳುತ್ತ ಬಂದ ಮಾತುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅಂಕಿ ಹಾಕಿದ್ದಾನೆ, ಮೊದಲನೆಯದೇ ದೊಡ್ಡದಿರಬೇಕು ಎಂದುಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ಮೂರನೆಯದಕ್ಕೇ ತೂಕ ಹೆಚ್ಚು.

1. ಬಣ್ಣದ ನಕ್ಷೆಗೆ ಮೊದಲು ಗ್ರಾಮನಕ್ಷೆ ಬಿಡಿಸಿ

ಮಾಸ್ಟರ್ ಪ್ಲಾನಿನಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಹೊಸಬರು ಬಣ್ಣ ನೋಡಿಯೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಜಮೀನಿನ ಜಾತಕ ಇರುವುದು ಸರ್ವೆ ಇಲಾಖೆಯ ಗ್ರಾಮನಕ್ಷೆ, ಟಿಪ್ಪಣಿ, ಆಕಾರ್‌ಬಂದ್‌ಗಳಲ್ಲಿ. ಹಳ್ಳ, ಬಂಡಿದಾರಿ, ಗುಂಡುತೋಪು, ಕೆರೆ ಏರಿ, ಸ್ಮಶಾನ ಎಲ್ಲವೂ ಅಲ್ಲಿವೆ. ಪಹಣಿಯಲ್ಲಿ ವಿಸ್ತೀರ್ಣದ ಜೊತೆಗೆ ಖರಾಬಿನ ಲೆಕ್ಕವಿರುತ್ತದೆ. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಯದು. ಅದನ್ನು ಮಾರುವ ಹಕ್ಕು ಹಿಡುವಳಿದಾರನಿಗಿಲ್ಲ.

ಥಣಿಸಂದ್ರದ ಕಡೆ ಒಂದು ಜಮೀನಿನ ಕೆಲಸ ಬಂದಿತ್ತು. ಮಾಸ್ಟರ್ ಪ್ಲಾನಿನಲ್ಲಿ ಅಪ್ಪಟ ಹಳದಿ. ಪಹಣಿಯಲ್ಲಿ ‘ಬ’ ಖರಾಬು ಮೂರು ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ 3,267 ಚದರ ಅಡಿ, ಅಂದರೆ ಮೂವತ್ತು-ನಲವತ್ತರ ಮೂರು ಸೈಟಿಗೂ ಕಮ್ಮಿ. ‘ಒಂದು ಮೂಲೇಲಿ ಬಿಟ್ಟುಬಿಡೋಣ ಸಾರ್’ ಎಂದರು ಮಾಲೀಕರು. ಗ್ರಾಮನಕ್ಷೆ ತೆಗೆದರೆ ಆ ಮೂರು ಗುಂಟೆ ಮೂಲೆಯಲ್ಲಿರಲಿಲ್ಲ. ಹತ್ತಡಿ ಅಗಲದ ಪಟ್ಟಿಯಾಗಿ ಜಮೀನನ್ನು ಉದ್ದಕ್ಕೆ ಸೀಳಿಕೊಂಡು ಹೋಗಿತ್ತು. ಸ್ಥಳಕ್ಕೆ ಹೋದೆವು. ಲಂಟಾನ ಪೊದೆ, ಯಾರದೋ ಮನೆ ಕೆಡವಿ ಸುರಿದ ಇಟ್ಟಿಗೆ ಚೂರು, ನಡುವೆ ಮೊಣಕಾಲು ಮುಳುಗುವಷ್ಟು ತಗ್ಗು. ಮೇಲುಗಡೆಯವರು ಕಾಂಪೌಂಡ್ ಗೋಡೆಯ ಬುಡದಲ್ಲಿ ಎರಡು ಸಿಮೆಂಟ್ ಪೈಪು ಕೂರಿಸಿದ್ದರು. ನೀರು ಬರುತ್ತದೆಂದು ಅವರಿಗೂ ಗೊತ್ತಿತ್ತು ಅಂತಾಯಿತಲ್ಲ! ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ, ‘ಕೆರೆ ಕೋಡಿ ಬಿದ್ರೆ ನೀರು ಇಂಗೇ ಓಗೋದು ಸಾಮಿ’ ಎಂದ. ಲೇಔಟಿನ ರಸ್ತೆಯನ್ನು ಕಾಲುವೆಯ ಗುಂಟ ತಿರುಗಿಸಿದೆವು. ಸೈಟುಗಳ ಸಂಖ್ಯೆ ಇಳಿಯಿತು, ಮಾಲೀಕರ ಮುಖವೂ ಇಳಿಯಿತು.

ಈಗ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಮೊದಲ ನೋಟಕ್ಕೆ ಸಾಕು. ಹದ್ದುಬಸ್ತಿಗೆ ಮಾತ್ರ ಸರ್ವೆಯರ್ ಬಂದು ಅಳೆಯಲೇಬೇಕು.

2. ಯಲಹಂಕದ ನೀರು ಎರಡು ನದಿಗೆ ಹೋಗುತ್ತದೆ

ಯಲಹಂಕದ ಪಶ್ಚಿಮಕ್ಕೆ ಬಿದ್ದ ಮಳೆ ಹೆಸರಘಟ್ಟದ ಕಡೆ ಇಳಿದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವದ್ದು ಯಲಹಂಕ, ಅಳ್ಳಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಎಂದು ಕೆರೆಯಿಂದ ಕೆರೆಗೆ ಇಳಿದು, ಹೆಬ್ಬಾಳ-ನಾಗವಾರ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ. ದಿಣ್ಣೆಯ ಆಚೆ ಈಚೆ ನಿಯಮವೂ ಬೇರೆ. ಪಶ್ಚಿಮದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ 2003ರಲ್ಲಿ ಸರ್ಕಾರ ಹೊರಡಿಸಿದ ನಿರ್ಬಂಧದ ಆದೇಶವಿದೆ. 2019ರಲ್ಲಿ ಅದನ್ನು ಸಡಿಲಿಸಿದರು. ಪೂರ್ವದಲ್ಲಿ ಕೆರೆ, ರಾಜಕಾಲುವೆಗಳ ಬಫರ್‌ನದೇ ಮಾತು.

ಈ ಬಫರ್ ಕಥೆ ಕೇಳಿ. 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನ್ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15 ಮೀಟರ್ ಇಟ್ಟಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು, ಕಾಲುವೆಗಳಿಗೆ 50, 35, 25. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮತ್ತೆ ಹಳೆಯ ಲೆಕ್ಕ. ಈ ಮೂರು ವರ್ಷದ ಒಳಗೆ ನಕ್ಷೆ ಮಾಡಿದವನಿಗೆ ಒಂದು ನ್ಯಾಯ, ಆಚೆ ಈಚೆ ಮಾಡಿದವನಿಗೆ ಇನ್ನೊಂದು.

ನೀರಿಗೆ ಈ ಆದೇಶ ಯಾವುದೂ ತಲುಪಿಲ್ಲ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಜನರನ್ನು ದೋಣಿಯಲ್ಲಿ ಹೊರಗೆ ತಂದರು. 2024ರ ಅಕ್ಟೋಬರ್‌ನಲ್ಲಿ ಅದೇ ಪಾಡು. ಬಫರ್ ಅಳೆಯುವುದು ಬೇಕು, ಬೇಡವೆನ್ನುವುದಿಲ್ಲ. ಆದರೆ ಮೇಲಿನ ಕೆರೆಗಳ ಕೋಡಿ ಎಷ್ಟು ಅಗಲ, ಕೆಳಗಿನ ಮೋರಿ ಎಷ್ಟು ಅಗಲ ಎಂದು ಕೇಳದೆ ಬಫರ್ ಒಂದನ್ನೇ ಹಿಡಿದು ಕೂತರೆ ಕಾಗದ ಸರಿಯಾಗಿರುತ್ತದೆ, ನೆಲಮಾಳಿಗೆಯಲ್ಲಿ ಕಾರು ತೇಲುತ್ತಿರುತ್ತದೆ.

3. ಊರು ಬೆಳೆಯುವುದು ಎರಡು ಅಧಿಸೂಚನೆಗಳ ನಡುವೆ

ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಪ್ರಾಥಮಿಕ ಅಧಿಸೂಚನೆಗೂ ಅಂತಿಮ ಅಧಿಸೂಚನೆಗೂ, ಅಲ್ಲಿಂದ ಸೈಟು ಹಂಚಿಕೆಗೂ ನಡುವೆ ಕಳೆದ ವರ್ಷಗಳಲ್ಲೇ ಉತ್ತರ ಬೆಂಗಳೂರಿನ ಎಷ್ಟೋ ಬೀದಿಗಳು ಎದ್ದಿವೆ.

ಅರ್ಕಾವತಿ ಬಡಾವಣೆಗೆ ಬಿಡಿಎ 2003ರಲ್ಲಿ 16 ಗ್ರಾಮಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷದ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿದಿತ್ತು. ಆ ಸ್ವಾಧೀನದ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2010ರಲ್ಲಿ. ಕೈಬಿಟ್ಟ ಜಮೀನುಗಳ ವಿಚಾರಣೆಗೆಂದು 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ಬಂತು.

ಶಿವರಾಮ ಕಾರಂತ ಬಡಾವಣೆಯದು ಇನ್ನೂ ಉದ್ದದ ಕಥೆ. 2008ರ ಡಿಸೆಂಬರ್‌ನಲ್ಲಿ ಯಲಹಂಕದ ಆಸುಪಾಸಿನ 17 ಗ್ರಾಮಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ. ಒಬ್ಬರ ಜಮೀನು ಕೈಬಿಟ್ಟಿದ್ದು ನೋಡಿ ಇನ್ನೊಬ್ಬರು ಕೋರ್ಟಿಗೆ ಹೋದರು. ಹೈಕೋರ್ಟ್ ಅಧಿಸೂಚನೆ ರದ್ದು ಮಾಡಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಬಡಾವಣೆ ಮಾಡಿ ಎಂದಿತು. ಅಂತಿಮ ಅಧಿಸೂಚನೆ ಬಂದಿದ್ದು ಅದೇ ಅಕ್ಟೋಬರ್‌ನಲ್ಲಿ. ಸುಮಾರು ಹತ್ತು ವರ್ಷ!

ಆ ಹತ್ತು ವರ್ಷ ನೆಲ ಸುಮ್ಮನೆ ಬಿದ್ದಿರುತ್ತದೆಯೇ? ರೈತನಿಗೆ ಬ್ಯಾಂಕ್ ಸಾಲವೂ ಹುಟ್ಟದು, ಒಳ್ಳೆಯ ಬೆಲೆಯೂ ಬಾರದು. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಸಿಕ್ಕ ಬೆಲೆಗೆ ಕೊಡುತ್ತಾನೆ. ಕೊಂಡವನು ಸುಣ್ಣದ ಗೆರೆ ಎಳೆದು ಇಪ್ಪತ್ತು-ಮೂವತ್ತರ ರೆವಿನ್ಯೂ ಸೈಟು ಮಾಡುತ್ತಾನೆ. ‘ಡಿನೋಟಿಫೈ ಆಗೇ ಆಗುತ್ತೆ ಅಣ್ಣ, ನಂದು ಗ್ಯಾರಂಟಿ’ ಎನ್ನುತ್ತಾನೆ ಬ್ರೋಕರ್. ಕ್ಯಾಬ್ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ನಿವೃತ್ತಿಯ ದುಡ್ಡು ಕೈಗೆ ಬಂದವರು ಕೊಳ್ಳುತ್ತಾರೆ. ನೋಂದಣಿ ಆಗುತ್ತದೆ, ಮುದ್ರಾಂಕ ಶುಲ್ಕ ಸರ್ಕಾರಕ್ಕೆ ಸೇರುತ್ತದೆ, ಕರೆಂಟ್ ಬರುತ್ತದೆ. ಸರ್ಕಾರದ ಒಂದು ಕೈ ಬೇಡವೆಂದದ್ದನ್ನು ಇನ್ನೊಂದು ಕೈ ರಸೀದಿ ಕೊಟ್ಟು ಬರಮಾಡಿಕೊಳ್ಳುತ್ತದೆ.

2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ ಅವರ ಸಮಿತಿ ನೇಮಿಸಿತು: 2018ರ ಆಗಸ್ಟ್ 3ಕ್ಕೆ ಮೊದಲು ಕಟ್ಟಿದ್ದು ಯಾವುದು, ಆಮೇಲಿನದು ಯಾವುದು ಎಂದು ಬೇರ್ಪಡಿಸಲು. ಆಗ ನನ್ನ ಹತ್ತಿರವೂ ಜನ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಹಳೆ ಕರೆಂಟ್ ಬಿಲ್ಲು, ಪಂಚಾಯಿತಿ ಕಂದಾಯದ ರಸೀದಿ, ಗೃಹಪ್ರವೇಶದ ಫೋಟೋ. ಒಬ್ಬ ತಾಯಿ ತಂದ ಫೋಟೋದಲ್ಲಿ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಚೆನ್ನಾಗಿಯೇ ಕಾಣುತ್ತಿತ್ತು. ಮೂಲೆಯಲ್ಲಿ ಬರಬೇಕಿದ್ದ ತಾರೀಕು ಮಾತ್ರ ಮಾಸಿಹೋಗಿತ್ತು. ‘ಇದು ನಡಿಯುತ್ತಾ ಸಾರ್?’ ಎಂದು ಕೇಳಿದರು. ತಾರೀಕಿರುವ ಬಿಲ್ಲನ್ನು ಮೇಲಿಟ್ಟು, ಫೋಟೋವನ್ನು ಅದರ ಕೆಳಗೆ ಲಗತ್ತಿಸಿ ಎಂದೆ.

ಪೆರಿಫೆರಲ್ ರಿಂಗ್ ರಸ್ತೆಯದೂ ಇದೇ ಹಾಡು. 2005ರಲ್ಲಿ ಮೊದಲ ಅಧಿಸೂಚನೆ, 2007ರಲ್ಲಿ ಅಂತಿಮ. ಇಷ್ಟು ವರ್ಷದ ಮೇಲೆ ಈಗ ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು. ಆ ಗೆರೆಯ ಮೇಲೆ ಜಮೀನಿರುವವರು ಮಾರಲೂ ಆಗದೆ ಕಟ್ಟಲೂ ಆಗದೆ ಮಕ್ಕಳ ಕಾಲಕ್ಕೆ ಬಂದಿದ್ದಾರೆ. ಬೇಗ ತೀರ್ಮಾನಿಸಿದ ಸಾಧಾರಣ ಯೋಜನೆಗಿಂತ ಇಪ್ಪತ್ತು ವರ್ಷ ತೂಗುಹಾಕಿದ ಉತ್ತಮ ಯೋಜನೆಯಿಂದಲೇ ಜನಕ್ಕೆ ಹಾನಿ ಹೆಚ್ಚು ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

4. ಹಸಿರು ವಲಯವನ್ನು ಖಾಲಿ ಜಾಗವೆಂದು ಓದಬೇಡಿ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿ 1,777 ಎಕರೆಗೆ ಕೈಹಾಕಿತು. ವಿಮಾನ ನಿಲ್ದಾಣದ ಹತ್ತಿರ, ಏರೋಸ್ಪೇಸ್ ಪಾರ್ಕಿಗೆ ಹೇಳಿ ಮಾಡಿಸಿದ ಜಾಗ ಎಂದು ಮೇಜಿನ ಮೇಲೆ ಕಂಡಿರಬೇಕು. ಹೋಗಿ ನೋಡಿದರೆ ದ್ರಾಕ್ಷಿ, ತರಕಾರಿ, ಹೂವು, ಹಿಪ್ಪುನೇರಳೆ. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಬಿಡದೆ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಹೇಳಿದರು. ಕೃಷಿ ವಲಯದ ಸರ್ವೆಗೆ ಹೋದಾಗ ಕೊಳವೆಬಾವಿ, ಹನಿ ನೀರಾವರಿ, ರೇಷ್ಮೆ ಹುಳು ಮನೆ ಎಲ್ಲವನ್ನೂ ಗುರುತು ಹಾಕಿಕೊಂಡು ಬನ್ನಿ. ಅವೂ ಮೂಲಸೌಕರ್ಯವೇ.

5. ಗಡಿ ಎಲ್ಲಿ, ರಸ್ತೆ ಅಲ್ಲಿಗೆ ನಿಲ್ಲುತ್ತದೆ

ಬಿಡಿಎ ಸರಹದ್ದು ಮುಗಿದ ಮೇಲೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ ಬಿಯಾಪ, ಮೇಲೆ ಇಡೀ ಮಹಾನಗರ ಪ್ರದೇಶದ ಬಿಎಂಆರ್‌ಡಿಎ, ನಡುನಡುವೆ ಕೆಐಎಡಿಬಿ ಜಮೀನು, ತಳದಲ್ಲಿ ಗ್ರಾಮ ಪಂಚಾಯಿತಿ. ಒಂದು ನಕ್ಷೆಯಲ್ಲಿ ಎಂಬತ್ತು ಅಡಿ ಇರುವ ರಸ್ತೆ ಪಕ್ಕದ ನಕ್ಷೆಗೆ ಹೋಗುವಷ್ಟರಲ್ಲಿ ನಲವತ್ತಾಗಿರುತ್ತದೆ, ಇಲ್ಲವೇ ಕಾಣೆಯಾಗಿರುತ್ತದೆ. ಉತ್ತರ ಬೆಂಗಳೂರಿನ ಚಹರೆ ಬದಲಿಸಿದ್ದು 2008ರ ಮೇ ತಿಂಗಳಲ್ಲಿ ಶುರುವಾದ ವಿಮಾನ ನಿಲ್ದಾಣ. ಅದು ನಿಂತಿರುವುದು ನಗರದ ಮಾಸ್ಟರ್ ಪ್ಲಾನಿನ ಆಚೆ. ಯಲಹಂಕ ನಗರಸಭೆ 2007ರಲ್ಲಿ ಬಿಬಿಎಂಪಿಗೆ ಸೇರಿತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು, ಯಲಹಂಕ ಉತ್ತರ ಪಾಲಿಕೆಗೆ ಬಂತು. ಅದೇ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಬೋರ್ಡುಗಳು ಬದಲಾಗಲಿ. ಎರಡು ಪ್ರಾಧಿಕಾರಗಳ ನಕ್ಷೆಗಳನ್ನು ಅಂಚಿಗೆ ಅಂಚು ಜೋಡಿಸಿ ನೋಡುವ ಕೆಲಸ ನಮ್ಮ ನಿಮ್ಮ ಮೇಲೇ ಇರುತ್ತದೆ.

6. ಹಳಿ ಇರುವ ಕಡೆ ಜನರಿಲ್ಲ

ಯಲಹಂಕ ಜಂಕ್ಷನ್ನಿನಿಂದ ಯಶವಂತಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚನ್ನಸಂದ್ರ ನಾಲ್ಕೂ ಕಡೆಗೆ ಹಳಿಯಿದೆ. ಬೇರೆ ಊರಿನವರು ಇಂಥದ್ದಕ್ಕೆ ಹರಕೆ ಹೊರುತ್ತಾರೆ. ನಾವು ಮಾತ್ರ ಎತ್ತರದ ಕಟ್ಟಡಗಳನ್ನೆಲ್ಲ ಹೆದ್ದಾರಿಗೆ ಅಂಟಿಸಿ, ಎಲ್ಲರನ್ನೂ ತಂದು ಹೆಬ್ಬಾಳದಲ್ಲಿ ನಿಲ್ಲಿಸಿದೆವು. 2003ರಲ್ಲಿ ತೆರೆದ ಹೆಬ್ಬಾಳ ಮೇಲ್ಸೇತುವೆಗೆ ಇಂದಿಗೂ ಲೂಪು ಸೇರಿಸುತ್ತಲೇ ಇದ್ದೇವೆ. 148 ಕಿಲೋಮೀಟರಿನ ಉಪನಗರ ರೈಲಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ನಾಲ್ಕು ಮಾರ್ಗಗಳಲ್ಲಿ ಸಂಪಿಗೆ, ಕನಕ ಎರಡೂ ಯಲಹಂಕದ ಮೂಲಕ ಹೋಗುತ್ತವೆ, ಮಲ್ಲಿಗೆ ಹೆಬ್ಬಾಳ, ಯಶವಂತಪುರದ ಮೂಲಕ. ನಿಲ್ದಾಣದಿಂದ ಹತ್ತು ನಿಮಿಷ ನಡೆದು ತಲುಪುವಷ್ಟು ಜಾಗಕ್ಕೆ ಪಾದಚಾರಿ ದಾರಿ, ಬಾಡಿಗೆಗೆ ಸಿಗುವ ಸಣ್ಣ ಮನೆ, ಬಸ್ ನಿಲ್ಲುವ ತಾವು ಇವನ್ನು ಈಗಲೇ ನಕ್ಷೆಯಲ್ಲಿ ಕಾಯ್ದಿಡದಿದ್ದರೆ ರೈಲು ಬಂದ ದಿನ ನಿಲ್ದಾಣದ ಬಾಗಿಲು ಯಾವುದೋ ಗೋದಾಮಿನ ಹಿತ್ತಲಿಗೆ ತೆರೆದಿರುತ್ತದೆ.

7. ವಿಮಾನ, ಮತ್ತು ಆರ್‌.ಟಿ. ನಗರ

ವಾಯುನೆಲೆ ಯಲಹಂಕದಲ್ಲಿ, ವೈಮಾನಿಕ ಶಾಲೆ ಜಕ್ಕೂರಿನಲ್ಲಿ. ಎತ್ತರದ ನಿರಾಕ್ಷೇಪಣಾ ಪತ್ರ ಕೈಗೆ ಬರುವ ಮುಂಚೆ ಮಹಡಿ ಎಣಿಸಬೇಡಿ. ಇನ್ನು ಆರ್‌.ಟಿ. ನಗರದಂಥ ಹಳೆಯ ಬಡಾವಣೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಮಾಸ್ಟರ್ ಪ್ಲಾನ್ ಒಪ್ಪುವ ಮೊದಲೇ ಆಗಿಹೋಗಿರುತ್ತದೆ. ಅಲ್ಲಿ ವಲಯದ ಚರ್ಚೆಗಿಂತ ಪಾರ್ಕಿಂಗ್ ಮತ್ತು ಚರಂಡಿಯ ಚರ್ಚೆಗೆ ಕೂತರೆ ಕೆಲಸವಾಗುತ್ತದೆ.

8. ಆಕ್ಷೇಪಣೆಗೆ ಸರ್ವೆ ನಂಬರು ಬೇಕು, ಆಕ್ರೋಶ ಬೇಡ

2031ರ ಕರಡು ಮಾಸ್ಟರ್ ಪ್ಲಾನ್ 2017ರ ನವೆಂಬರ್‌ನಲ್ಲಿ ಹೊರಬಂತು. ಆಕ್ಷೇಪಣೆಗೆ ಅರವತ್ತು ದಿನ. ಸಾವಿರಾರು ಅರ್ಜಿ ಬಿದ್ದವು. 2020ರಲ್ಲಿ ಸರ್ಕಾರ ಕರಡನ್ನೇ ಹಿಂತೆಗೆದುಕೊಂಡಿತು. 2015ಕ್ಕೆ ಮುಗಿಯಬೇಕಿದ್ದ ಯೋಜನೆಯಲ್ಲೇ ನಡೆದುಬಂದಿದ್ದೇವೆ. ಆ ಎರಡು ತಿಂಗಳಲ್ಲಿ ಜನ ಬರೆದದ್ದನ್ನು ನೋಡಿದ್ದೇನೆ: ‘ನಮ್ಮ ಬಡಾವಣೆಗೆ ಅನ್ಯಾಯವಾಗಿದೆ’ ಎಂದು ನಾಲ್ಕು ಪುಟ. ಓದುವ ಗುಮಾಸ್ತ ಅದನ್ನು ಯಾವ ಫೈಲಿಗೆ ಸೇರಿಸಬೇಕು? ಒಂದೇ ಪುಟ ಸಾಕು. ಗ್ರಾಮ, ಸರ್ವೆ ನಂಬರು, ನಕ್ಷೆಯ ಹಾಳೆ ಸಂಖ್ಯೆ, ಏನು ತೋರಿಸಿದ್ದಾರೆ, ನೆಲದ ಮೇಲೆ ಏನಿದೆ, ಏನಾಗಬೇಕು. ಗ್ರಾಮನಕ್ಷೆಯ ಪ್ರತಿ, ಎರಡು ಫೋಟೋ ಲಗತ್ತಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಮುಂದಿನ ಕರಡು ಬಂದಾಗ ನನ್ನ ಆಕ್ಷೇಪಣೆ ಸಿದ್ಧವಿದೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಮಿನಲ್ಲಿ, ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು ಐದು ವರ್ಷದಲ್ಲಿ ಪಡೆಯದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಆದರೆ ಉದ್ಯಾನವೆಂದು ಹಸಿರು ಬಳಿದ ಜಾಗದ ಮೇಲೆ ಆ ಐದು ವರ್ಷ ಎಂದು ಶುರು, ಎಂದು ಮುಗಿಯಿತು ಎಂದು ಯಾವ ನಕ್ಷೆಯೂ ತೋರಿಸುವುದಿಲ್ಲ. ಪ್ರತಿ ಉದ್ಯಾನ, ಪ್ರತಿ ರಸ್ತೆ ಗೆರೆಯ ಪಕ್ಕ ಎರಡು ತಾರೀಕು ಅಚ್ಚಾಗಲಿ: ಗುರುತು ಹಾಕಿದ್ದು, ಗಡುವು ತೀರುವುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರಿನಲ್ಲೂ ಅದೇ ಎರಡು ತಾರೀಕು ಕಾಣಲಿ, ಕ್ರಯಪತ್ರಕ್ಕೆ ರುಜು ಬೀಳುವ ಮೊದಲು.