ಎಡಗೈಗೂ ಕೆಲಸ ಬೇಕು

ಪ್ರೀತಿಯ ತಂಗಿ,

ದೋರನಹಳ್ಳಿಯ ಮನೆಯಲ್ಲಿ ಒಂದು ಕೋಣೆಯನ್ನು ಸ್ಟುಡಿಯೊ ಮಾಡಿಕೊಂಡು, ಲ್ಯಾಪ್‌ಟಾಪಿಗೆ ಜೋಡಿಸಲು ಕೀಬೋರ್ಡ್ ಕಂಟ್ರೋಲರ್ ಕೊಳ್ಳಲು ಹೊರಟಿರುವೆ. ತರುವುದಾದರೆ 88 ಕೀಗಳ ಪೂರ್ಣ ಗಾತ್ರದ್ದನ್ನೇ ತಾ ಎಂಬ ಸಲಹೆ ನಿನಗೆ ಬೇಕಾದಷ್ಟು ಸಿಕ್ಕಿರುತ್ತದೆ. ನನ್ನ ಸಲಹೆ ಬೇರೆ. ಕೀಗಳನ್ನು ಎಣಿಸುವ ಮೊದಲು ಆ ಯಂತ್ರದ ಎಡತುದಿಯನ್ನು ನೋಡು. ನಿನ್ನ ಎಡಗೈ ಅಲ್ಲಿ ಏನು ಮಾಡಬಲ್ಲುದು ಎಂಬುದು ಗೊತ್ತಾದ ಮೇಲೆ ಉಳಿದದ್ದನ್ನು ನಿರ್ಧರಿಸು. ಕಂಟ್ರೋಲರ್‌ಗೆ ಸ್ವಂತ ದನಿ ಇಲ್ಲ. ಯಾವ ಕೀಯನ್ನು, ಎಷ್ಟು ರಭಸದಿಂದ, ಎಷ್ಟು ಹೊತ್ತು ಒತ್ತಿದೆ ಎಂಬುದನ್ನು ಅದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಗಳಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ, ಅಷ್ಟೇ. ದನಿ ಹುಟ್ಟುವುದು ಸಾಫ್ಟ್‌ವೇರಿನಲ್ಲಿ. ಹಾಗಾಗಿ 88 ಕೀಗಳಿದ್ದರೆ ಹಾಡು ಹೆಚ್ಚು ಇಂಪಾಗುತ್ತದೆ ಎಂಬ ಮಾತಿಗೆ ಬುಡವೇ ಇಲ್ಲ.

ಆ 88 ಬಂದದ್ದು ಪಿಯಾನೊದಿಂದ. 27.5 ಹರ್ಟ್ಸ್‌ನ ಆಳದಿಂದ ಸುಮಾರು 4186 ಹರ್ಟ್ಸ್‌ನ ಎತ್ತರದವರೆಗೆ, ಏಳು ಸಪ್ತಕ ದಾಟಿದ ಹರವು ಅದು. ಆ ವಾದ್ಯಕ್ಕೆಂದೇ ಬರೆದ ಸಂಗೀತಕ್ಕೆ ಅಷ್ಟೂ ಬೇಕು. ನಿನ್ನ ಊರಿನ ಸುತ್ತ ಹಾಡುವುದೇನು? ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಪರಂಪರೆಯವರ ತತ್ವಪದಗಳು, ಮೊಹರಂನ ರಿವಾಯತ್ ಪದಗಳು, ಮಠದ ಭಜನೆ, ವಚನ, ಬಯಲಾಟದ ಪದ. ಹಾಡುವವರ ಕಂಠ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಹೋದರೆ ಅದೇ ದೊಡ್ಡ ಹರವು, ಅಂದರೆ ಎರಡು ಸಪ್ತಕ. ನಮ್ಮ ಕಡೆಯ ಪೇಟಿ ಮಾಸ್ತರರು 37ರಿಂದ 42 ಕೀಗಳ ಹಾರ್ಮೋನಿಯಂ ಮುಂದೆ ಕೂತು, ಕರಿ ಒಂದರಲ್ಲಿ ಹಾಡುವವರಿಗೂ ಕರಿ ಐದರಲ್ಲಿ ಹಾಡುವವರಿಗೂ ರಾತ್ರಿಯಿಡೀ ಸಾಥಿ ಕೊಡುತ್ತಾರೆ. ನಾಲ್ಕು ಸಪ್ತಕದ 49 ಕೀಗಳಲ್ಲಿ ಆ ಕೆಲಸ ನಡೆಯುತ್ತದೆ. ಐದು ಸಪ್ತಕದ 61ರಲ್ಲಿ ಕೆಳಗಡೆ ಬಾಸ್ ನುಡಿಸಲೂ ಜಾಗ ಉಳಿಯುತ್ತದೆ. ಕೀಗಳ ಅಗಲದಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಸಪ್ತಕಕ್ಕೆ ಸುಮಾರು 16.5 ಸೆಂ.ಮೀ. ಇರುವ ಪೂರ್ಣ ಅಗಲದ ಕೀಗಳೇ ಇರಲಿ. ಸಣ್ಣ ಕೀಗಳ ಮೇಲೆ ಪಳಗಿದ ಬೆರಳು ಪೇಟಿಯ ಮೇಲೆ ತಪ್ಪು ಸ್ವರಕ್ಕೆ ಬೀಳುತ್ತದೆ.

ಈಗ ಎಡಗೈಯ ವಿಷಯ. ಹಾರ್ಮೋನಿಯಂನಲ್ಲಿ ಬಲಗೈ ಸ್ವರ ಹಿಡಿಯುತ್ತದೆ, ಎಡಗೈ ತಿದಿ ಒತ್ತುತ್ತದೆ. ಹಾಡು ಉಸಿರಾಡುವುದು ಆ ಎಡಗೈಯಿಂದ. ಕೀಯನ್ನು ಮೆಲ್ಲಗೆ ಒತ್ತು, ಕುಟ್ಟಿ ಒತ್ತು, ರೀಡಿನ ದನಿ ಒಂದೇ, ಏರಿಳಿತವೆಲ್ಲ ಗಾಳಿಯದ್ದು. ಕಂಟ್ರೋಲರ್ ನಡೆಯುವುದು ಪಿಯಾನೊದ ತರ್ಕದಲ್ಲಿ. ಕೀಯ ಕೆಳಗೆ ಎರಡು ಸಂಪರ್ಕಗಳಿರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವುದರೊಳಗೆ ಎಷ್ಟು ಹೊತ್ತಾಯಿತೆಂದು ಅಳೆದು 1ರಿಂದ 127ರೊಳಗಿನ ಒಂದು ಅಂಕಿ ಕಳಿಸುತ್ತದೆ. ಸ್ವರ ಹುಟ್ಟಿದ ಮೇಲೆ ಅದನ್ನು ಉಬ್ಬಿಸಲು, ಇಳಿಸಲು ಆ ಅಂಕಿಗೆ ಶಕ್ತಿಯಿಲ್ಲ. ಶಹನಾಯಿ, ಕೊಳಲು, ಸಾರಂಗಿ, ಪೇಟಿ ಯಾವುದೇ ಇರಲಿ, ನಮ್ಮ ಹಾಡಿಗೆ ಬೇಕಾದ ದನಿಗಳು ಹುಟ್ಟಿದ ಮೇಲೆ ಬೆಳೆಯುವಂಥವು. ಆ ಬೆಳವಣಿಗೆಯನ್ನು ಕಂಟ್ರೋಲರ್‌ನಲ್ಲಿ ಹೊರಬೇಕಾದವು ಎಡತುದಿಯ ಎರಡು ಚಕ್ರಗಳು ಮತ್ತು ಕಾಲಿನ ಪೆಡಲ್. ಮಾಡ್ಯುಲೇಷನ್ ಚಕ್ರವನ್ನು ದನಿಯ ಏರಿಳಿತಕ್ಕೆ ಜೋಡಿಸಿಕೊಂಡರೆ ತಿದಿಯ ಕೆಲಸ ಎಡಗೈಗೇ ಮರಳಿ ಬರುತ್ತದೆ. ಎಕ್ಸ್‌ಪ್ರೆಶನ್ ಪೆಡಲ್ ಹಾಕಲು ಹಿಂದೆ ತೂತಿದ್ದರೆ ಇನ್ನೂ ಒಳ್ಳೆಯದು. ಕಂಪನಿ ನಾಟಕಗಳ ಕಾಲುಪೇಟಿಯಲ್ಲಿ ತಿದಿ ಪಾದಕ್ಕೆ ಹೋಗಿ ಎರಡೂ ಕೈ ಬಿಡುವಾಗಿದ್ದವಲ್ಲ, ಪೆಡಲ್‌ನಿಂದ ಆಗುವ ಅನುಕೂಲವೂ ಅದೇ.

ಇನ್ನೊಂದು ಚಕ್ರ ಪಿಚ್ ಬೆಂಡ್. ಅದರ ಬೆಲೆ ತಿಳಿಯಬೇಕಾದರೆ ಹಾರ್ಮೋನಿಯಂ ಮೇಲಿದ್ದ ಹಳೆಯ ಆಕ್ಷೇಪವನ್ನು ನೆನೆಯಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು, ಸ್ಥಿರ ಶ್ರುತಿಯ ರೀಡುಗಳಲ್ಲಿ ರಾಗದ ಸೂಕ್ಷ್ಮಗಳು ಸಿಗವು ಎಂಬ ವಾದದ ಮೇಲೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಬೆಳಗಾವಿಯ ರಾಂಭಾವು ಬಿಜಾಪುರೆಯಂಥವರು ಅದೇ ಪೇಟಿಯಲ್ಲಿ ಕಂಠವನ್ನು ಹಿಂಬಾಲಿಸಿ ತೋರಿಸಿದರು ನಿಜ. ಆದರೂ ಆಕ್ಷೇಪದಲ್ಲಿ ಸತ್ಯವಿತ್ತು, ಕೀಗಳ ನಡುವೆ ದಾರಿಯಿರಲಿಲ್ಲ. ಆ ದಾರಿಯನ್ನು ಪಿಚ್ ಚಕ್ರ ತೆರೆಯುತ್ತದೆ. ಮಿಡಿಯಲ್ಲಿ ಅದಕ್ಕೆ 16,384 ಮೆಟ್ಟಿಲುಗಳಿವೆ, ಕಿವಿಗೆ ಅದು ಅಖಂಡ ಜಾರು. ಇಷ್ಟು ದೊಡ್ಡ ಸೌಲಭ್ಯವನ್ನು ಕೆಲವು ಅಗ್ಗದ ಮಾದರಿಗಳು ಎರಡು ಗುಂಡಿಗಳಿಗೆ ಇಳಿಸಿಬಿಡುತ್ತವೆ. ಅಂಥದ್ದು 88 ಕೀಗಳದ್ದಾದರೂ ನಿನಗೆ ಬೇಡ.

ಮುಂದೆ ಪಿಯಾನೊ ಕಲಿಯಬೇಕೆನಿಸಿದರೆ ಎಂದು ಕೇಳಬಹುದು. ನಿಜವಾಗಿ ಪಾಶ್ಚಾತ್ಯ ಪಿಯಾನೊವನ್ನೇ ಅಭ್ಯಾಸ ಮಾಡುವುದಾದರೆ ನನ್ನ ಮಾತು ಬಿಡು; ಸುತ್ತಿಗೆಯ ಭಾರವಿರುವ 88 ಕೀಗಳದ್ದನ್ನೇ ಕೊಳ್ಳು, ಹಗುರ ಕೀಗಳಲ್ಲಿ ಆ ಬೆರಳು ತಯಾರಾಗದು. ಎಂದಾದರೂ ಬೇಕಾಗಬಹುದು ಎಂಬ ಊಹೆಗೆ ಮಾತ್ರ ಈಗಿನ ಹಾಡನ್ನು ಕಟ್ಟಿಹಾಕಬೇಡ. ಪೇಟಿಯ ಹಗುರ ಕೀಗೆ ಒಗ್ಗಿದ ಕೈಗೆ ಸುತ್ತಿಗೆಯ ಕೀಯಲ್ಲಿ ದ್ರುತ ತಾನ್ ತೊಡರುತ್ತದೆ. ಅರೆಭಾರದ ಕೀ ಎರಡಕ್ಕೂ ನಡುವಿನದು. ದೊಡ್ಡ ವಾದ್ಯಸಂಗ್ರಹಗಳಲ್ಲಿ ಬಿಲ್ಲಿನ ಎಳೆತ, ಮೀಟು ಇವನ್ನು ಬದಲಿಸಲು ಕೆಳಗಿನ ಕೀಗಳನ್ನು ಬಳಸುತ್ತಾರೆ, 61ರಲ್ಲಿ ಅವು ಸಿಗವು ಎಂಬುದು ಇನ್ನೊಂದು ಆಕ್ಷೇಪ. ಇದು ಗಟ್ಟಿಯಾದದ್ದು. ಅವನ್ನು ಮುಟ್ಟಲು ನುಡಿಸುತ್ತಲೇ ಗುಂಡಿ ಒತ್ತಿ ಸಪ್ತಕ ಬದಲಿಸುವುದು ತೊಡಕಿನದೇ. ಆದರೆ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಆ ಕೀಗಳನ್ನು ಬೇರೆಡೆಗೆ ಸರಿಸಬಹುದು, ಇಲ್ಲವೇ ರೆಕಾರ್ಡ್ ಆದ ಮೇಲೆ ಪರದೆಯ ಮೇಲೆ ತುಂಬಬಹುದು. ಅಲ್ಲದೆ ಏಕತಾರಿ, ಹಲಗಿ, ತಾಳ ಬಲ್ಲವರು ಸುತ್ತಲೇ ಇರುವಾಗ ಅವನ್ನು ಸಂಗ್ರಹದಿಂದ ತೆಗೆಯುವ ಅಗತ್ಯವೇನು? 88ರ ಆಸೆ ಬಿಟ್ಟು ಉಳಿಸಿದ ಹಣದಲ್ಲಿ ಒಂದು ಒಳ್ಳೆಯ ಮೈಕ್ ತಂದರೆ ಅವರೇ ನಿನ್ನ ಹಾಡಿನೊಳಗೆ ಬರುತ್ತಾರೆ.

ಜಾಗವನ್ನೂ ಅಳೆದುಕೊ. 88 ಕೀಗಳ ಸಾಲೇ ಸುಮಾರು 122 ಸೆಂ.ಮೀ.; 61ರದ್ದು 85ರ ಆಸುಪಾಸು. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಮಾದರಿಯಾದರೆ ಕರೆಂಟ್ ಹೋದಾಗಲೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವತನಕ ಕೆಲಸ ನಿಲ್ಲದು. ಬೇಸಿಗೆಯಲ್ಲಿ ಧೂಳು ಕೀಗಳ ಕೆಳಗಿನ ಸಂಪರ್ಕಗಳಿಗೆ ಇಳಿಯುತ್ತದೆ, ಅದಕ್ಕೆ ಬಟ್ಟೆಯ ಹೊದಿಕೆಯನ್ನು ತಂದ ದಿನವೇ ಹೊಲಿಸು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಒಂದೇ ಬಲದಲ್ಲಿ ಬಿಳಿ ಮತ್ತು ಕರಿ ಕೀಗಳನ್ನು ಒತ್ತಿ ಪರದೆಯ ಮೇಲಿನ ಅಂಕಿಗಳನ್ನು ಹೋಲಿಸು. ಬಿಳಿ ಕೀಯನ್ನು ಕರಿಯ ಕೀಗಳ ನಡುವೆ, ಒಳತುದಿಯಲ್ಲೂ ಒತ್ತಿ ನೋಡು. ಅಗ್ಗದವು ಅಲ್ಲಿ ಬಿಗಿಯಾಗಿಬಿಡುತ್ತವೆ, ಪೇಟಿಯ ಬೆರಳು ಹೆಚ್ಚಾಗಿ ಓಡಾಡುವುದು ಅಲ್ಲೇ. ಆಮೇಲೆ ಒಂದು ಶಹನಾಯಿ ದನಿ ಹಾಕಿ, ಬಲಗೈಯಲ್ಲಿ ಷಡ್ಜ ಹಿಡಿದು, ಎಡಗೈಯಿಂದ ಅದನ್ನು ರಿಷಭಕ್ಕೆ ನಿಧಾನ ಎಳೆದು ಬಿಡು. ಚಕ್ರ ಅದುರದೆ ಹೋಗಿ ಸರಿಯಾಗಿ ಷಡ್ಜಕ್ಕೇ ಮರಳಿದರೆ ಬೆಲೆ ಕೇಳು.

ಇಂತಿ,
ನಿನ್ನ ಅಣ್ಣ