ಬಸುರಿಯಲ್ಲಿ ಸಕ್ಕರೆ ಕಾಯಿಲೆ: ಯಾವ ಗುಂಪಿನದು ಎಂದು ತಿಳಿಯೋಣ



ಬಸುರಿ ಹೆಣ್ಣುಮಗಳಿಗೆ ಶುಗರ್ ಇದೆ ಎಂದು ಗೊತ್ತಾದರೆ ನಮ್ಮ ಮುಂಡಗೋಡ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಬ್ಬರು, "ಅಯ್ಯೋ, ಜೀವನಪೂರ್ತಿ ಗಂಟುಬಿತ್ತು" ಎನ್ನುತ್ತಾರೆ. ಇನ್ನೊಬ್ಬರು, "ಏನಿಲ್ಲ, ಹಡೆದ ಮ್ಯಾಲೆ ತಾನಾಗೇ ಹೋಗ್ತದೆ" ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಬಸುರಿಯಲ್ಲಿ ಕಾಣುವ ಸಕ್ಕರೆ ಕಾಯಿಲೆ ಎಲ್ಲಾ ಒಂದೇ ತರಹದ್ದಲ್ಲ. ಯಾವ ಗುಂಪಿನದು ಎಂದು ತಿಳಿದರೆ ಮಾತ್ರ ಮುಂದೇನು ಮಾಡಬೇಕೆಂದು ಗೊತ್ತಾಗುತ್ತದೆ.

ಮೂರು ಗುಂಪುಗಳು

1. ಮೊದಲೇ ಗೊತ್ತಿದ್ದ ಕಾಯಿಲೆ: ಬಸುರಿಯಾಗುವ ಮುಂಚೆಯೇ ಸಕ್ಕರೆ ಕಾಯಿಲೆ ಇದ್ದವರು. ಮಗುವಿನ ಹೃದಯ, ಬೆನ್ನುಹುರಿ ಮೊದಲ ಎರಡು ತಿಂಗಳಲ್ಲೇ ರೂಪುಗೊಳ್ಳುತ್ತವೆ. ಆಗ ಸಕ್ಕರೆ ಜಾಸ್ತಿ ಇದ್ದರೆ ಮಗುವಿನ ಅಂಗಗಳಲ್ಲಿ ದೋಷ ಬರುವ ಭಯ ಹೆಚ್ಚು. ಇಂಥವರು ಬಸುರಿಯಾಗುವ ಮೊದಲೇ ಡಾಕ್ಟರರನ್ನು ಕಾಣಬೇಕು.

2. ಬಸುರಿಯಲ್ಲಿ ಮೊದಲ ಸಲ ಗೊತ್ತಾದ, ಆದರೆ ಮಾಮೂಲಿ ಸಕ್ಕರೆ ಕಾಯಿಲೆಯಷ್ಟೇ ಜೋರಾಗಿರುವುದು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಗ್ಲೂಕೋಸ್ ಕುಡಿದು ಎರಡು ತಾಸಿಗೆ 200 ಅಥವಾ ಹೆಚ್ಚು ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಇದನ್ನು ಬೇರೆ ಗುಂಪು ಎಂದು ಎಣಿಸುತ್ತದೆ. ಬಹಳ ಸಲ ಇದು ಒಳಗೊಳಗೇ ಮೊದಲಿಂದ ಇದ್ದದ್ದು. ಹೆರಿಗೆಯ ನಂತರವೂ ಉಳಿಯಬಹುದು.

3. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ: ಇದನ್ನು ಜಿ.ಡಿ.ಎಂ. ಎಂದು ಕರೆಯುತ್ತಾರೆ. ಹೆಚ್ಚು ಜನರಿಗೆ ಇರುವುದು ಇದೇ. ಮಾಸಿನಿಂದ ಹೊರಡುವ ರಸಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಆದ್ದರಿಂದ ಆರನೇ ತಿಂಗಳ ಹೊತ್ತಿಗೆ ಸಕ್ಕರೆ ಏರುತ್ತದೆ. ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಇಳಿದುಬಿಡಬಹುದು.

ಪರೀಕ್ಷೆ ಹೇಗೆ?

"ನಂಗೇನೂ ಆಗಿಲ್ಲ, ರಕ್ತ ಯಾಕೆ ಕೊಡ್ಲಿ?" ಎನ್ನಬೇಡಿ. ಸಾಮಾನ್ಯವಾಗಿ ಈ ಕಾಯಿಲೆಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆದ್ದರಿಂದ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಪ್ರತಿಯೊಬ್ಬ ಗರ್ಭಿಣಿಗೂ ಎರಡು ಸಲ ಪರೀಕ್ಷೆ ಆಗಬೇಕು: ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಎರಡು ತಾಸಿನ ನಂತರ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಜಿ.ಡಿ.ಎಂ. ಕುಡಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು.

ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಕಾಡಂಚಿನ ಊರಿಂದ ಬಸ್ಸು ಹಿಡಿದು ಬರುವ ಬಸುರಿಯನ್ನು ಖಾಲಿ ಹೊಟ್ಟೆಯಲ್ಲಿ ಬಾ ಎನ್ನುವುದು ಕಷ್ಟ. ತಿರುಗಿ ಕಳಿಸಿದರೆ ಮತ್ತೆ ಬರಲಿಕ್ಕಿಲ್ಲ. ಅದಕ್ಕೇ ನಮ್ಮ ದೇಶ ಈ ಸುಲಭದ ದಾರಿ ಹಿಡಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬೇರೆ: ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದು ಒಂದು ತಾಸಿಗೆ 180, ಎರಡು ತಾಸಿಗೆ 153. ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಜಿ.ಡಿ.ಎಂ. ಚೀಟಿಯಲ್ಲಿ ಈ ಅಂಕಿಗಳು ಕಂಡರೆ ಗಾಬರಿ ಬೇಡ, ಡಾಕ್ಟರರನ್ನು ಕೇಳಿ.

ಜಿ.ಡಿ.ಎಂ. ಬಂದ ಬಹಳಷ್ಟು ಜನರಿಗೆ ಊಟದ ಕ್ರಮ ಮತ್ತು ನಡಿಗೆಯಿಂದಲೇ ಹತೋಟಿಗೆ ಬರುತ್ತದೆ. ಊಟ ಬಿಡಬಾರದು, ಸ್ವಲ್ಪ ಸ್ವಲ್ಪ ಹಂಚಿ ಉಣ್ಣಬೇಕು. ಎರಡು ವಾರದ ನಂತರವೂ ಊಟವಾಗಿ ಎರಡು ತಾಸಿಗೆ 120 ಅಥವಾ ಹೆಚ್ಚು ಇದ್ದರೆ ಡಾಕ್ಟರರು ಔಷಧಿ ಶುರುಮಾಡುತ್ತಾರೆ.

ಹಡೆದ ಮೇಲೆ ಮುಗಿಯಿತೇ?

ಇಲ್ಲ. ನಮ್ಮದೇ ರಾಜ್ಯದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಪರೀಕ್ಷೆ ನಡೆಯಿತು. 100ಕ್ಕೆ ಸುಮಾರು 6 ಮಂದಿಗೆ ಜಿ.ಡಿ.ಎಂ. ಇತ್ತು. ಅದೇ ತಾಯಂದಿರನ್ನು ಐದು ವರ್ಷದ ನಂತರ ನೋಡಿದಾಗ, ಜಿ.ಡಿ.ಎಂ. ಇದ್ದವರಲ್ಲಿ 100ಕ್ಕೆ 37 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಜಿ.ಡಿ.ಎಂ. ಇಲ್ಲದವರಲ್ಲಿ 100ಕ್ಕೆ 2 ಮಾತ್ರ. ಅಂದರೆ ಜಿ.ಡಿ.ಎಂ. ಎನ್ನುವುದು ಮುಂಚಿತವಾಗಿ ಸಿಕ್ಕ ಎಚ್ಚರಿಕೆ.

ಆದ್ದರಿಂದ ಹೆರಿಗೆಯಾಗಿ ಆರು ವಾರಕ್ಕೆ ತಾಯಿ ಮತ್ತೆ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಆಗ ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ತಾಸಿಗೆ 200 ದಾಟಿದ್ದರೆ ಕಾಯಿಲೆ ಉಳಿದಿದೆ ಎಂದರ್ಥ. ಸರಿಯಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು. ಮುಂದಿನ ಬಸುರಿಗೆ ಮೊದಲೂ ನೋಡಿಸಬೇಕು.

ಈ ಪರೀಕ್ಷೆ ತಪ್ಪಿಹೋಗುವುದು ಸುಲಭ. ಬಾಣಂತಿ ತವರುಮನೆಯಲ್ಲಿರುತ್ತಾಳೆ, ಎಲ್ಲರ ಕಣ್ಣು ಕೂಸಿನ ಮೇಲೆ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸುವುದೂ ಇದೇ ಹೊತ್ತಿಗೆ. ಅವತ್ತೇ ತಾಯಿಯ ರಕ್ತವನ್ನೂ ನೋಡಿರೆಂದು ಕೇಳೋಣ.

ಸಂಘದಲ್ಲಿ ನಾವೇನು ಮಾಡಬಹುದು?

- ಸಭೆಗೆ ಬರುವ ಗರ್ಭಿಣಿಯರು ತಾಯಿ ಕಾರ್ಡ್ ತರಲಿ. ಎರಡೂ ಪರೀಕ್ಷೆ ಬರೆದಿದೆಯೇ ಎಂದು ಓದಲು ಬರುವವರು ನೋಡಿ ಹೇಳೋಣ.
- ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಒಬ್ಬೊಬ್ಬರೇ ಹೋಗಲು ಅಂಜುವವರ ಜೊತೆ ಹೋಗೋಣ.
- ತವರಿಗೆ ಹೋಗುವವಳ ಕೈಯಲ್ಲಿ ತಾಯಿ ಕಾರ್ಡ್ ಇರಲಿ. ಅಲ್ಲಿನ ಆಶಾ ಕಾರ್ಯಕರ್ತೆಗೆ "ಇವಳಿಗೆ ಶುಗರ್ ಇತ್ತು" ಎಂದು ತಿಳಿಸೋಣ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಜಿ.ಡಿ.ಎಂ. ಇದ್ದ ತಾಯಂದಿರು ಯಾರಾದರೂ ಇದ್ದಾರೆಯೇ? ಕಳೆದ ವರ್ಷ ರಕ್ತ ನೋಡಿಸಿದ್ದಾರೆಯೇ?
2. ಆರು ವಾರದ ಪರೀಕ್ಷೆಗೆ ಬಾಣಂತಿಯನ್ನು ಕಳಿಸಲು ಮನೆಯ ಹಿರಿಯರನ್ನು ಹೇಗೆ ಒಪ್ಪಿಸೋಣ?